ತಿನ್ನದವಳ ಪಾಲು

ಅಲ್ಮಾಟಿ,
ಮಾರ್ಚ್ ೨೭, ಗುರುವಾರ

ಪ್ರೀತಿಯ ಅಪ್ಪನಿಗೆ,

ನಿಮ್ಮ ಬುರುಲ್ ಮಾಡುವ ಸಲಾಮು. ನೀವು, ಮೆದೆರ್ ಅಣ್ಣ, ಅತ್ತಿಗೆ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಕುರಿಗಳು ಮರಿ ಹಾಕುವ ಕಾಲ, ನಿಮಗೆ ಈ ಕಾಗದ ಓದಲು ಪುರುಸೊತ್ತು ಇರುತ್ತದೋ ಇಲ್ಲವೋ. ಕೊಟ್ಟಿಗೆಯಲ್ಲೇ ಕೂತು ಓದಿ, ಆದರೆ ಗಟ್ಟಿಯಾಗಿ ಓದಬೇಡಿ.

ನಿಮ್ಮ ಚೀಟಿ ಬಂದು ಎರಡು ತಿಂಗಳಾಯಿತು. ವ್ಯಾನಿನ ಸಮತ್ ಮಾಮ ಆಲೂಗಡ್ಡೆ ಮೂಟೆಯ ಜೊತೆ ತಂದುಕೊಟ್ಟ. ಇದ್ದದ್ದು ಎರಡೇ ಸಾಲು: "ಮೇ ಹತ್ತಕ್ಕೆ ನಿಮ್ಮಮ್ಮನ ವರ್ಷದ ಊಟ. ಬರ್ತೀಯೋ ಇಲ್ವೋ ತಿಳಿಸು." ತಿಳಿಸಲಿಲ್ಲ, ಕ್ಷಮಿಸಿ. ಪರೀಕ್ಷೆ ಇತ್ತು ಎಂದರೆ ಅದು ಅರ್ಧ ಸುಳ್ಳು. ಫೋನಿನಲ್ಲಂತೂ ನಾವಿಬ್ಬರೂ ಅಲ್ಲಿ ಹಿಮ ಎಷ್ಟು, ಇಲ್ಲಿ ಹಿಮ ಎಷ್ಟು ಅಂತ ಕೇಳಿ ಇಟ್ಟುಬಿಡುತ್ತೇವೆ. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ.

ಮೊದಲು ಆಲೂಗಡ್ಡೆಯ ಮಾತು. ಒಂದೊಂದು ಗಡ್ಡೆಯನ್ನೂ ಹಳೆಯ ಪತ್ರಿಕೆಯಲ್ಲಿ ಸುತ್ತಿದ್ದಿರಲ್ಲ, ದಾರಿಯಲ್ಲಿ ಅಷ್ಟು ಚಳಿಯಿದ್ದರೂ ಒಂದೂ ಹೆಪ್ಪುಗಟ್ಟಿರಲಿಲ್ಲ. ಪ್ರತಿ ಚಳಿಗಾಲವೂ ನಿಮ್ಮಿಂದ ಕುದುರೆ ಮಾಂಸದ ನನ್ನ ಪಾಲು ಬರುತ್ತಿತ್ತು. ಈಗ ಹೇಳಿಬಿಡುತ್ತೇನೆ, ಹಿಂದಿನ ಎರಡು ಚಳಿಗಾಲ ಅದನ್ನು ಹಾಸ್ಟೆಲ್ ಹುಡುಗಿಯರಿಗೆ ಹಂಚಿ, "ತುಂಬಾ ರುಚಿಯಾಗಿತ್ತು ಅಪ್ಪ" ಎಂದು ನಿಮಗೆ ಫೋನು ಮಾಡುತ್ತಿದ್ದೆ. ಕಳೆದ ಜೂನಿನಲ್ಲಿ ಮಾಂಸ ಬಿಟ್ಟಿದ್ದೇನೆಂದು ಬಾಯಿಬಿಟ್ಟು ಹೇಳಿದ ಮೇಲೆ ನೀವು ಬೈಯುತ್ತೀರಿ ಎಂದುಕೊಂಡಿದ್ದೆ. ಬೈಯಲಿಲ್ಲ, ಯಾಕೆಂದೂ ಕೇಳಲಿಲ್ಲ, ಈ ಚಳಿಗಾಲ ಮಾಂಸದ ಬದಲು ಆಲೂಗಡ್ಡೆ ಕಳಿಸಿದಿರಿ. ಮೂಟೆ ಕೊಡುವಾಗ ಸಮತ್ ಮಾಮ ಮಾತ್ರ ಬಿಡಲಿಲ್ಲ.

"ಕುರಿ ಡಾಕ್ಟರಮ್ಮ ಕುರಿ ತಿನ್ನಲ್ವಂತೆ, ಕುರಿ ತಿನ್ನೋ ಸೊಪ್ಪನ್ನ ತಿಂತಾಳಂತೆ! ಅಲ್ವೇ, ನಿನ್ನ ರೋಗಿಗಳ ಬಾಯಿಂದ್ಲೇ ಮೇವು ಕಿತ್ಕೊಳ್ತೀಯಲ್ಲೇ!"

ನೀವು ಕೇಳದಿದ್ದರೂ ಹೇಳುತ್ತೇನೆ. ದೊಡ್ಡ ಕಾರಣವೇನಿಲ್ಲ. ಪಶುವೈದ್ಯ ಕಾಲೇಜಿನ ಮೊದಲ ವರ್ಷ ನಮಗೆ ಸ್ಟೆತೊಸ್ಕೋಪ್ ಕೊಟ್ಟು, ನಲವತ್ತು ಕುರಿಗಳ ಎದೆಬಡಿತ ಕೇಳಿ ಬರೆದುಕೊಳ್ಳಿ ಎಂದರು. ಕೇಳಿದೆ, ಬರೆದೆ. ಆ ವಾರ ತಟ್ಟೆಗೆ ಬಂದದ್ದು ಗಂಟಲಲ್ಲಿ ಇಳಿಯಲಿಲ್ಲ. ಆಮೇಲೆ ಹಾಲು, ಬೆಣ್ಣೆಯೂ ಹೋಯಿತು. ನಿಮ್ಮನ್ನಾಗಲಿ ನಿಮ್ಮ ಚಾಕುವನ್ನಾಗಲಿ ನಾನು ಒಂದು ದಿನವೂ ಕೀಳಾಗಿ ಕಂಡಿಲ್ಲ ಅಪ್ಪ. ಇದನ್ನು ನಂಬಿ.

ಇಲ್ಲಿನ ಬದುಕು ಈಗ ಒಂದು ಹದಕ್ಕೆ ಬಂದಿದೆ. ಹಾಸ್ಟೆಲ್ ಅಡುಗೆಮನೆಯ ಪ್ರತಿ ಪಾತ್ರೆಗೂ ಕೊಬ್ಬಿನ ಜಿಡ್ಡು. ಅದಕ್ಕೇ ಶರತ್ಕಾಲದಲ್ಲಿ ಜೈನೆಪ್ ಅಜ್ಜಿಯ ಮನೆಯಲ್ಲಿ ಒಂದು ಕೋಣೆ ಹಿಡಿದೆ. ಗಂಡ ತೀರಿಕೊಂಡ ಕಝಾಕ್ ಮುದುಕಿ, ಬಾಯಿ ಜೋರು. ಮೊದಲ ದಿನವೇ ವಿಚಾರಣೆ.

"ಮಾಂಸ ತಿನ್ನಲ್ವಾ? ಏನು ಕಾಯ್ಲೆ?"

"ಕಾಯ್ಲೆ ಇಲ್ಲಜ್ಜಿ."

"ಹಾಲೂ ಇಲ್ವಾ? ಮತ್ತೆ ಗಾಳಿ ಕುಡ್ಕೊಂಡು ಬದುಕ್ತೀಯಾ? ಈ ಊರಲ್ಲಿ ಗಾಳಿಲೂ ಬರೀ ಹೊಗೆ."

ಅಡುಗೆ ಕಲಿತ ಕಥೆ ಕೇಳಿದರೆ ನೀವು ನಗುತ್ತೀರಿ. ಏಳನೆಯ ವಯಸ್ಸಿಗೇ ಕರುಳು ತೊಳೆದು ಮಗುಚುವುದು ಬರುತ್ತಿದ್ದ ನನಗೆ ಬೀನ್ಸ್ ಕಾಳನ್ನು ಹಿಂದಿನ ದಿನವೇ ನೆನೆಹಾಕಬೇಕೆಂದು ಯಾರು ಹೇಳಿದ್ದರು? ಮಾಂಸದ ಹಾಗೆಯೇ ತಣ್ಣೀರಿಗೆ ಹಾಕಿ, ನೊರೆ ತೆಗೆಯುತ್ತಾ ಮೂರು ಗಂಟೆ ಕಾದೆ. ಅಜ್ಜಿ ಒಂದು ಕಾಳನ್ನು ಬಾಯಿಗೆ ಹಾಕಿಕೊಂಡು ತಕ್ಷಣ ಕೈಗೆ ಉಗುಳಿ, "ಇದನ್ನ ನಿಮ್ಮಪ್ಪನಿಗೆ ಕಳಿಸು, ಕವಣೆಗೆ ಹಾಕಿ ತೋಳಕ್ಕೆ ಹೊಡೀಲಿ" ಎಂದಳು. ಈಗ ಅದೇ ಅಜ್ಜಿ ನನ್ನ ಬೀನ್ಸ್ ಸಾರಿಗೆ ತಟ್ಟೆ ಹಿಡಿದು ಬರುತ್ತಾಳೆ. ಮೂಲಂಗಿ, ಮೆಣಸಿನಕಾಯಿ ಹಾಕಿ ಹಿಟ್ಟನ್ನು ಕೈಯಲ್ಲೇ ನೂಲಿನ ಹಾಗೆ ಎಳೆದು ಲಗ್‌ಮಾನ್ ಮಾಡುತ್ತೇನೆ. ಕುಂಬಳಕಾಯಿ, ಈರುಳ್ಳಿ ತುಂಬಿ ಮಾಂತಿ ಕಡುಬು ಬೇಯಿಸುತ್ತೇನೆ. ಬಜಾರಿನಲ್ಲಿ ಕೊರಿಯನ್ ಹೆಂಗಸು ಲ್ಯೂಬಾ ಅತ್ತೆಯ ಹತ್ತಿರ ಖಾರದ ಕ್ಯಾರೆಟ್ ಕೊಳ್ಳುತ್ತೇನೆ. ಅವಳು ಒಂದು ಹಿಡಿ ಹೆಚ್ಚೇ ಹಾಕುತ್ತಾಳೆ.

"ನಲವತ್ತು ವರ್ಷದಿಂದ ಇಡೀ ಊರು ನನ್ನ ಕ್ಯಾರೆಟ್‌ನ ಮಾಂಸದ ಪಕ್ಕಕ್ಕೆ ನಂಚ್ಕೊಂಡು ತಿಂದಿದೆ. ಇದನ್ನೇ ಊಟ ಅಂತ ತಿನ್ನೋಳು ನೀನೊಬ್ಳೇ ಕಣಮ್ಮ."

ನಾನು ಸೊರಗಿಲ್ಲ. ಹೋದ ವರ್ಷಕ್ಕಿಂತ ಮೂರು ಕಿಲೋ ಜಾಸ್ತಿಯೇ ಆಗಿದ್ದೇನೆ, ಅದಕ್ಕೆ ನಿಮ್ಮ ಆಲೂಗಡ್ಡೆಯೇ ಹೊಣೆ.

ಈಗ ಹೇಳಲೇಬೇಕಾದ ಒಂದು ಸಂಗತಿ. ಫೆಬ್ರವರಿಯಲ್ಲಿ ಅಜ್ಜಿಯ ಮನೆಯಲ್ಲಿ ಚಳಿಗಾಲದ ಮಾಂಸದ ಊಟವಿತ್ತು. ಮಕ್ಕಳು, ಸೊಸೆಯರು, ನೆಂಟರು ಸೇರಿ ಇಪ್ಪತ್ತು ಜನ. ಕೋಣೆಯಲ್ಲೇ ಇರುತ್ತೇನೆ ಎಂದರೆ ಅಜ್ಜಿ ರಟ್ಟೆ ಹಿಡಿದು ತಂದು ಊಟದ ಹಾಸಿನ ಮುಂದೆ ಕೂರಿಸಿದಳು. ಹಿರಿಯ ಮಗ ನಿಮ್ಮ ಹಾಗೆಯೇ ತಟ್ಟೆ ಹಿಡಿದು ವಯಸ್ಸು, ಮಾನ ನೋಡಿ ಒಬ್ಬೊಬ್ಬರಿಗೂ ಅವರವರ ತುಂಡು ಇಡುತ್ತಾ ಬಂದ. ನಿಮ್ಮಷ್ಟು ಚುರುಕಿಲ್ಲ, ಒಬ್ಬ ಸೋದರಮಾವನಿಗೆ ಕಡಿಮೆ ದರ್ಜೆಯ ಮೂಳೆ ಇಟ್ಟು ಬೈಸಿಕೊಂಡ. ನನ್ನ ಮುಂದೆ ಬಂದಾಗ ಸೊಸೆ, "ಅವಳು ತಿನ್ನಲ್ಲ, ಬಿಡಿ" ಎಂದಳು. ಅವನು ಮುಂದಕ್ಕೆ ಕಾಲಿಟ್ಟ. ಅಷ್ಟರಲ್ಲಿ ಅಜ್ಜಿ ಗದರಿದಳು.

"ನಿಲ್ಲೋ! ತಿನ್ನಲ್ಲ ಅಂದ್ರೆ ಪಾಲಿಲ್ಲ ಅಂತೇನೋ? ಮನೇಲಿರೋ ಹೆಣ್ಮಗಳನ್ನ ದಾಟ್ಕೊಂಡು ಹೋದ್ರೆ ನಿಮ್ಮಪ್ಪ ನನ್ನ ಕನಸಲ್ಲಿ ಬಂದು ಕೇಳ್ತಾನೆ. ಇಡು. ತಿನ್ನೋದು ಬಿಡೋದು ಅವಳಿಷ್ಟ."

ಅವನು ಪಕ್ಕೆಲುಬಿನ ಒಂದು ತುಂಡು ಇಟ್ಟ. ನಾನು ಅದನ್ನು ನೋಡುತ್ತಾ ಕೂತೆ. ಕಣ್ಣಲ್ಲಿ ನೀರು ಬಂದುಬಿಟ್ಟಿತು. ಎಲ್ಲರೂ ನನಗೆ ಹೇಸಿಗೆಯಾಯಿತೆಂದೇ ತಿಳಿದು ಮುಖ ಮುಖ ನೋಡಿಕೊಂಡರು. ಹೇಸಿಗೆಯಲ್ಲ ಅಪ್ಪ. ಆಮೇಲೆ ಅದನ್ನು ಎರಡೂ ಕೈಯಲ್ಲಿ ಎತ್ತಿ, "ನನ್ನ ಪಾಲಿನಿಂದ ನಿಮಗೆ" ಎಂದು ಅಜ್ಜಿಗೆ ಕೊಟ್ಟೆ. ಅವಳು ಹರಸಿ ತೆಗೆದುಕೊಂಡು, ಮೂಳೆಯಲ್ಲಿ ಒಂದೆಳೆಯೂ ಬಿಡದೆ ತಿಂದಳು. ನಾನು ನನ್ನ ಮಾಂತಿ ತಿಂದೆ. ಅಷ್ಟೇ ನಡೆದದ್ದು. ತಿನ್ನದವಳೂ ಪಾಲು ತೆಗೆದುಕೊಳ್ಳಬಹುದೆಂದು, ಅದನ್ನು ಇನ್ನೊಬ್ಬರಿಗೆ ಕೊಡುವುದು ನಮ್ಮ ಅಜ್ಜ ಮುತ್ತಜ್ಜರ ಕಾಲದಿಂದ ಬಂದ ಮರ್ಯಾದೆಯೇ ಎಂದು ನನಗೆ ಮೊದಲೇ ಏಕೆ ಹೊಳೆಯಲಿಲ್ಲವೋ ಕಾಣೆ.

ಇವತ್ತು ಗುರುವಾರ, ಸತ್ತವರನ್ನು ನೆನೆಯುವ ದಿನ. ಅಮ್ಮನ ಹೆಸರಲ್ಲಿ ಬೊರ್ಸೊಕ್ ಕರಿದೆ. ಸತ್ತವರ ಹೊಟ್ಟೆಗೆ ಎಣ್ಣೆಯ ವಾಸನೆಯೇ ಊಟ ಎಂದು ಅಮ್ಮ ಹೇಳುತ್ತಿದ್ದಳಲ್ಲ. ಅವಳು ಹಿಟ್ಟಿಗೆ ಹಾಲು ಹಾಕುತ್ತಿದ್ದಳು. ನಾನು ಬರಿ ನೀರು, ಉಪ್ಪು, ಚೂರು ಸಕ್ಕರೆ ಹಾಕಿ ನಾದಿದೆ. ಚೆನ್ನಾಗಿಯೇ ಉಬ್ಬಿದವು. ಅಜ್ಜಿ ದುವಾ ಓದಿದಳು, ಮೂರು ಮನೆಗೆ ಹಂಚಿ ಬಂದೆ. ನಮ್ಮ ಪದ್ಧತಿಯನ್ನೆಲ್ಲ ಬಿಟ್ಟು ಎಲ್ಲೋ ದೂರ ಬಂದುಬಿಟ್ಟೆ ಎಂದು ಹೆದರಿದ್ದೆ. ಅಮ್ಮನಿಗೆ ಬಡಿಸುವ ಅಡುಗೆ ನನ್ನ ಒಲೆಯಲ್ಲೇ ಆಗುತ್ತದೆಂದು ಗೊತ್ತಾದಾಗ ಆದ ಸಮಾಧಾನವನ್ನು ಹೇಗೆ ಬರೆಯಲಿ?

ಹಾಗಾಗಿ ಉತ್ತರ: ಬರುತ್ತೇನೆ. ಎರಡು ದಿನ ಮೊದಲೇ ಬರುತ್ತೇನೆ. ಆ ದಿನದ ಬೊರ್ಸೊಕ್ ಪೂರ್ತಿ ನನ್ನದು, ಹಿಟ್ಟಿನ ಹತ್ತಿರ ಯಾರೂ ಬರಬಾರದೆಂದು ಅತ್ತಿಗೆಗೆ ಹೇಳಿ. ದೊಡ್ಡ ಬಾಣಲೆಯನ್ನು ಬೂದಿ ಹಾಕಿ ಉಜ್ಜಿಸಿಡಿ.

ನಿಮ್ಮ ಮೊಣಕಾಲು ನೋವು ಇಳಿಯಲಿ, ಹುಟ್ಟಿದ ಮರಿಗಳೆಲ್ಲ ಎದ್ದು ನಿಲ್ಲಲಿ, ತೋಳ ನಮ್ಮ ಬೇಲಿಯ ದಾರಿ ಮರೆಯಲಿ. ಅಣ್ಣ ಅತ್ತಿಗೆಗೆ ನನ್ನ ಸಲಾಮು.

ನಿಮ್ಮ ಮಗಳು,
ಬುರುಲ್

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಅಮ್ಮನ ನಲವತ್ತನೆಯ ದಿನದ ಊಟದಲ್ಲಿ ನೀವು ಅತ್ತಿಗೆಗೆ ಅವಳ ತುಂಡು ಇಟ್ಟು, ನನ್ನನ್ನು ದಾಟಿ ಪಕ್ಕದ ಮನೆಯವಳ ಮುಂದೆ ಹೋದಿರಿ. ನಿಮ್ಮ ತಪ್ಪಿಲ್ಲ. ಬೆಳಿಗ್ಗೆ "ನನಗೆ ಬೇಡ ಅಪ್ಪ" ಎಂದವಳು ನಾನೇ. ಅದಕ್ಕೇ ಯಾರ ಹತ್ತಿರವೂ ಹೇಳಿಕೊಳ್ಳಲಾಗಲಿಲ್ಲ. ಆದರೆ ಅಣ್ಣನಿಗೆ ಚಾಕು ಹಿಡಿಯುವುದನ್ನು ಕಲಿಸುವಾಗ ನೀವು ಹೇಳುತ್ತಿದ್ದ ಮಾತು ನನಗೂ ಬಾಯಿಪಾಠ: "ಮನೆಯವರಲ್ಲಿ ಪಾಲಿಲ್ದೋರು ಅಂದ್ರೆ ಮಣ್ಣಿಗೆ ಹೋದೋರು ಮಾತ್ರ ಕಣೋ." ಆ ದಿನ ನಮ್ಮ ಮನೆಯಲ್ಲಿ ಪಾಲಿಲ್ಲದವರು ಇಬ್ಬರಿದ್ದೆವು, ಅಮ್ಮ ಮತ್ತು ನಾನು.

ಮೇ ಹತ್ತಕ್ಕೆ ನನ್ನ ಮುಂದೆಯೂ ಇಡಿ ಅಪ್ಪ. ಎಲ್ಲರಿಗೂ ಹಂಚಿ ಮುಗಿಯುವಷ್ಟರಲ್ಲಿ ನಿಮ್ಮ ತಟ್ಟೆಯಲ್ಲಿ ಏನೂ ಉಳಿದಿರುತ್ತಿರಲಿಲ್ಲ, ಅಮ್ಮ ತನ್ನ ಪಾಲಿನಲ್ಲೇ ನಿಮಗೆ ಎತ್ತಿಡುತ್ತಿದ್ದಳು. ಈಗ ಯಾರು ಎತ್ತಿಡುತ್ತಾರೆ? ನನಗೂ ಒಂದು ಪಾಲಿದ್ದರೆ ತಾನೇ ನಿಮಗೆ ಕೊಡುವುದು?