ಮರದ ಮೀನಿನ ಹೊಟ್ಟೆಗೆ ಸೀಸ

ಕೆಂಟನ್, ಭಾನುವಾರ

ಅಪ್ಪಯ್ಯನಿಗೆ ಗುಲಾಬಿಯ ನಮಸ್ಕಾರ.

ಈ ಪರದೇಶದಲ್ಲಿ ನಾನು ನೋಡಿಕೊಳ್ಳುವ ಧಾರವಾಡದ ಅಜ್ಜಿಯ ಮಗ ಮಧುಸೂದನ್ ಡಾಕ್ಟರು ಮೀನು ತಿನ್ನುವುದಿಲ್ಲ, ಆದರೆ ಹಿಡಿಯುವ ಹುಚ್ಚು ಬಹಳ. ದೋಣಿಯ ಹಿಂದೆ ಎಳೆದುಕೊಂಡು ಹೋಗಲು ಮರದ ಮೀನೊಂದನ್ನು ಕೆತ್ತಿ, ಕಣ್ಣು ಬರೆದು, ಗಾಳ ಸಿಕ್ಕಿಸಿದರು. ಸ್ನಾನದ ತೊಟ್ಟಿಗೆ ಬಿಟ್ಟರೆ ಅದು ಹೊಟ್ಟೆ ಮೇಲಾಗಿ ತೇಲಿತು.

"ಡಾಕ್ಟರ ಕೈಯಾಗೇ ಸತ್ತ ಹೋತಲ್ಲೋ!" ಎಂದರು ಅಜ್ಜಿ.

ನೀವು ಬಲೆಗೆ ಸೀಸ ಕಟ್ಟುವುದನ್ನು ನೋಡಿದವಳಲ್ಲವೇ ನಾನು? ಅಜ್ಜಿಯ ಬಾಯಿಂದ ಹೇಳಿಸಿ ಮೀನಿನ ಹೊಟ್ಟೆ ಕೊರೆಸಿ, ಸೀಸ ಕರಗಿಸಿ ಹುಯ್ಯಿಸಿದೆ. ನೆಟ್ಟಗೆ ಈಜಿತು.

ನಿನ್ನೆ ಸಮುದ್ರಕ್ಕೆ ನನ್ನನ್ನೂ ಕರೆದುಕೊಂಡು ಹೋದರು. ನನ್ನ ತೋಳಿನುದ್ದದ ಬಾಸ್ ಮೀನು ಸಿಕ್ಕಿತು. ಎಂಟು ತಿಂಗಳಿಂದ ಮೀನು ತಿನ್ನದ ನನ್ನ ಬಾಯಲ್ಲಿ ನೀರೂರಿತು. ಡಾಕ್ಟರು ಫೋಟೊ ತೆಗೆಸಿಕೊಂಡು, "ಪಾಪ, ಮನೀಗೆ ಹೋಗಪಾ" ಎಂದು ಅದನ್ನು ನೀರಿಗೆ ಬಿಡಲು ಬಗ್ಗಿದರು. ಇಷ್ಟು ದಿನ ಅವರೆದುರು ಹೂಂ, ಉಹೂಂ ಬಿಟ್ಟು ಬೇರೆ ಮಾತಾಡದ ನಾನು ಮೀನಿನ ಬಾಲ ಹಿಡಿದು, "ನಾನೂ ಪಾಪ ಅಲ್ದಾ ಡಾಕ್ಟ್ರೇ!" ಎಂದು ಕೂಗಿಬಿಟ್ಟೆ.

ಹೋದ ಕಾಗದದಲ್ಲಿ ಬರೆದಿದ್ದ ನನ್ನ ಕೆಮ್ಮು ವಾಸಿಯಾಗಿದೆ. ಆ ಮೀನನ್ನು ಮನೆಯೊಳಗೆ ಬೇಯಿಸುವಂತಿಲ್ಲವೆಂದು ಡಾಕ್ಟರೇ ಹಿತ್ತಿಲಲ್ಲಿ ಒಲೆ ಹೂಡಿಕೊಟ್ಟಿದ್ದಾರೆ. ಸಾರು ಉಕ್ಕುತ್ತಿದೆ, ಏಳುತ್ತೇನೆ.

ಗುಲಾಬಿ