ಮುಂದಿನ ಆಟದ ಸಂಬಳ

ಭದ್ರಾವತಿ
೨೨ ಡಿಸೆಂಬರ್ ೧೯೬೩, ಭಾನುವಾರ

ಪ್ರೀತಿಯ ಅಖ್ತರ್ ಆಪಾ,

ನಿಮ್ಮ ತಮ್ಮ ಪೀರ್ ಬಾಷಾನ ಸಲಾಮು. ಭಾವನಿಗೂ ಮಕ್ಕಳಿಗೂ ತಿಳಿಸಿ. ನಿಮ್ಮ ಕಾಗದ ದಸರಾಕ್ಕೆ ಮೊದಲೇ ಬಂದಿತ್ತು. ಇಷ್ಟು ದಿನ ಉತ್ತರ ಬರೆಯದೆ ಇದ್ದದ್ದಕ್ಕೆ ದಾವಣಗೆರೆಯಲ್ಲಿ ಕೂತು ನೀವು ಎಷ್ಟು ಬೈದಿರುತ್ತೀರೋ, ಅಷ್ಟೂ ನನಗೆ ಸಲ್ಲಬೇಕಾದದ್ದೇ. ಏನು ಮಾಡಲಿ, ಬರೆಯಲು ಕೂತಾಗೆಲ್ಲ ಕೈಯಲ್ಲಿ ಅರ್ಧ ಸುದ್ದಿ ಮಾತ್ರ ಇರುತ್ತಿತ್ತು. ಅರ್ಧ ಸುದ್ದಿ ಬರೆದರೆ ನಿಮಗೆ ನಿದ್ದೆ ಹತ್ತುವುದಿಲ್ಲ ಎಂದು ಗೊತ್ತಿದ್ದರಿಂದ ಸುಮ್ಮನಾದೆ.

ಈಗ ಪೂರ್ತಿ ಸುದ್ದಿ ಇದೆ. ನಾನು ಖಾಯಂ ಆದೆ ಆಪಾ. ಕಾರ್ಖಾನೆಯ ಕ್ವಾರ್ಟರ್ಸೂ ಸಿಕ್ಕಿತು. ಎರಡು ಕೋಣೆ, ಒಂದು ಅಡಿಗೆಮನೆ, ಅಡಿಗೆಮನೆಯೊಳಗೇ ನಲ್ಲಿ. ಈ ಕಾಗದವನ್ನು ಹೊರಗಿನ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಫಿರೋಜಾ ಒಳಗೆ ಬೇಕಿಲ್ಲದಿದ್ದರೂ ನಲ್ಲಿ ತಿರುಗಿಸಿ ನೋಡುತ್ತಾಳೆ, ನಿಲ್ಲಿಸುತ್ತಾಳೆ. ನೀವು ಕಾಗದದಲ್ಲಿ ಕೇಳಿದ ಮಾತು ನಿಜ. ಅವಳಿಗೆ ಈಗ ಐದನೆಯ ತಿಂಗಳು. ಹಳೆಯ ಬಾಡಿಗೆ ಮನೆಯಲ್ಲಿ ಬೀದಿ ತುದಿಯಿಂದ ನೀರು ಹೊರುವುದು ಈ ಸ್ಥಿತಿಯಲ್ಲಿ ಆಗುತ್ತಿರಲಿಲ್ಲ. ಆದ್ದರಿಂದ ಮೊದಲು ದೇವರಿಗೆ ಶುಕ್ರ್, ಆಮೇಲೆ ಇಲ್ಲಿಯ ಕೆಲವು ಜನಕ್ಕೆ ಕೃತಜ್ಞತೆ. ಅವರು ಯಾರು, ಏನು ಮಾಡಿದರು ಎನ್ನುವುದನ್ನು ನಿಮಗೆ ಹೇಳಲೇಬೇಕು.

ನನ್ನನ್ನು ಕಾರ್ಖಾನೆಗೆ ಸೇರಿಸಿಕೊಂಡದ್ದು ಚೆಂಡಿಗಾಗಿ ಎಂದು ನಿಮಗೆ ಗೊತ್ತು. ಬೆಳಗಿನಿಂದ ಮಷಿನ್ ಶಾಪಿನಲ್ಲಿ ಲೇತ್ ಕೆಲಸ, ಸಂಜೆ ಬ್ಯಾಸ್ಕೆಟ್‌ಬಾಲ್ ಕೋರ್ಟ್. ಟೂರ್ನಮೆಂಟುಗಳು ಮುಗಿದ ಮೇಲೆ ಪ್ರತಿ ವರ್ಷ ಟೆಂಪರರಿ ಆರ್ಡರ್ ಮುಂದುವರಿಯುತ್ತಿತ್ತು. ಹಾಗೆಯೇ ವಯಸ್ಸು ಮೂವತ್ತು ದಾಟಿತು, ಕ್ಯಾಪ್ಟನ್ನೂ ಆದೆ, ಬಲ ಮೊಣಕಾಲು ಊದಿಕೊಳ್ಳಲು ಶುರುವಾಯಿತು. ಆರ್ಡರ್ ಮಾತ್ರ ಟೆಂಪರರಿಯಾಗಿಯೇ ಉಳಿಯಿತು. ಆಟ ನಿಂತರೆ ಅದೂ ನಿಲ್ಲುವಂಥದ್ದು.

ಈ ಬೇಸಿಗೆಯಲ್ಲಿ ನಮ್ಮ ತಂಡದ ಸೆಕ್ರೆಟರಿ ಗಣಪಯ್ಯನವರು ಕೋಲಾರದ ಚಿನ್ನದ ಗಣಿಯಿಂದ ಒಬ್ಬ ಹುಡುಗನನ್ನು ಕರೆದುಕೊಂಡು ಬಂದರು. ಹೆಸರು ಏಳುಮಲೈ. ಮೀಸೆ ಇನ್ನೂ ಸರಿಯಾಗಿ ಮೂಡಿಲ್ಲ, ಬಾಗಿಲಲ್ಲಿ ಮಾತ್ರ ತಲೆ ತಗ್ಗಿಸಿ ಬರಬೇಕು, ಅಷ್ಟು ಎತ್ತರ. ರಿಂಗಿನ ಕೆಳಗೆ ಅವನು ನಿಂತರೆ ಎದುರಿನವರಿಗೆ ಆಕಾಶ ಕಾಣುವುದಿಲ್ಲ. ಅವನ ಮೇಲೆ ಬೆಂಗಳೂರಿನ ಒಂದು ತಂಡವೂ ಕಣ್ಣಿಟ್ಟಿತ್ತು. ಅವರು ಹೇಳಿದ ಸಂಬಳ ನಮ್ಮ ಫೋರ್‌ಮನ್ನಿಗೂ ಇಲ್ಲ. ಅವನನ್ನು ಇಲ್ಲಿ ಉಳಿಸಿಕೊಳ್ಳಬೇಕಾದರೆ ಖಾಯಂ ಕೆಲಸವನ್ನೇ ಕೊಡಬೇಕು. ಆಟಗಾರರಿಗೆಂದು ಕಾರ್ಖಾನೆ ಈ ವರ್ಷ ಕೊಟ್ಟದ್ದು ಒಂದೇ ಖಾಯಂ ಜಾಗ. ಅವನಿಗೋ, ನನಗೋ, ಅಷ್ಟೇ ಪ್ರಶ್ನೆ.

ಅಷ್ಟಾದದ್ದೇ ತಡ, ಊರಿಗೆ ಬೇರೆ ಮಾತೇ ಉಳಿಯಲಿಲ್ಲ. ಇಲ್ಲಿಯವರ ಬ್ಯಾಸ್ಕೆಟ್‌ಬಾಲ್ ಹುಚ್ಚು ನಿಮಗೆ ಅಂದಾಜಾಗಲಿಕ್ಕಿಲ್ಲ. ಬಸ್‌ಸ್ಟ್ಯಾಂಡ್ ಹತ್ತಿರ ಲಾರಿ ರಿಪೇರಿ ಮಾಡುವ ಮೆಹಬೂಬ್ ಸಾಬರ ವರ್ಕ್‌ಷಾಪೇ ಅವರ ವಿಧಾನಸಭೆ. ಶಿವಮೊಗ್ಗದ ಕೋಟೆಯಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ಷಡಕ್ಷರಪ್ಪನವರು ಪಂದ್ಯ ಇರಲಿ, ಬರೀ ಪ್ರಾಕ್ಟೀಸ್ ಇರಲಿ, ಸಂಜೆ ಬಸ್ಸಿಗೆ ಬಂದುಬಿಡುತ್ತಾರೆ. ಅವರಿಬ್ಬರೂ ಹಳೆಯ ಸ್ನೇಹಿತರು. ವರ್ಕ್‌ಷಾಪಿನ ಒಂದೇ ಬೆಂಚಿನ ಮೇಲೆ ಕೂತು ಒಂದೇ ಪೊಟ್ಟಣದಿಂದ ಕಡಲೆಕಾಯಿ ತಿನ್ನುವವರು.

ಷಡಕ್ಷರಪ್ಪನವರು ಏಳುಮಲೈಗೇ ಕೊಡಬೇಕು ಎಂದರು. ಮೆಹಬೂಬ್ ಸಾಬರು ನನಗೇ ಕೊಡಬೇಕು ಎಂದರು. ಜನ ಎರಡು ಪಾಲಾಯಿತು. ಒಬ್ಬ ಎತ್ತರದವನಿಗೆ ಹಣ ಸುರಿಯುವ ಬದಲು ಅದರಲ್ಲಿ ಇಬ್ಬರು ಒಳ್ಳೆಯ ಹುಡುಗರನ್ನು ತರಬಹುದಲ್ಲ ಎಂದು ಒಬ್ಬರು. ಹೊರಗಿನವನಿಗೆ ಕೊಟ್ಟರೆ ಎರಡು ವರ್ಷಕ್ಕೆ ಬೇರೆ ತಂಡಕ್ಕೆ ಹಾರುತ್ತಾನೆ ಎಂದು ಇನ್ನೊಬ್ಬರು. ಕಾಗದನಗರದ ಪೇಪರ್ ಮಿಲ್ ತಂಡ ಎತ್ತರದವನನ್ನು ತಂದುಕೊಂಡೇ ಅಲ್ಲವೇ ಕಳೆದ ಸಲ ನಮ್ಮನ್ನು ಸೋಲಿಸಿದ್ದು ಎಂದು ಮತ್ತೊಬ್ಬರು. ಸೈಕಲ್ಲಿಗೆ ಗಾಳಿ ಹಾಕಿಸಿಕೊಳ್ಳಲು ನಾನು ಹೋದರೂ ಮಾತು ನಿಲ್ಲಿಸುತ್ತಿರಲಿಲ್ಲ. ನನ್ನ ಮೊಣಕಾಲಿನ ಬಗ್ಗೆ ನನ್ನ ಎದುರಿಗೇ, ಮಾರಲು ತಂದ ಎತ್ತಿನ ಕಾಲಿನ ಹಾಗೆ ಚರ್ಚೆ ಮಾಡುತ್ತಿದ್ದರು. ಕೆಟ್ಟ ಮನಸ್ಸಿನಿಂದಲ್ಲ. ನಾನು ಅವರ ಸ್ವಂತದವನು ಎಂದೇ ಅಷ್ಟು ಸಲಿಗೆ.

ಒಂದು ಸಂಜೆ ಷಡಕ್ಷರಪ್ಪನವರು ನನ್ನ ಮುಖ ನೋಡಿಯೇ ಹೇಳಿದರು. "ಬಾಷಾ ನಮ್ಮ ಹುಡುಗ, ಇಲ್ಲ ಅಂದೋರು ಯಾರು? ಆದ್ರೆ ಸಂಬಳ ಅನ್ನೋದು ಮುಂದೆ ಆಡೋ ಆಟಕ್ಕೆ ಮಾರಾಯ, ಹಿಂದೆ ಆಡಿದ್ದಕ್ಕಲ್ಲ. ಆಡಿದ್ದಕ್ಕೆ ಹಾರ ಹಾಕ್ಬೇಕು, ಕೈ ಮುಗೀಬೇಕು."

ಮೆಹಬೂಬ್ ಸಾಬರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. "ಹಾರ ಹಾಕಿದ್ರೆ ಅವನ ಹೆಂಡ್ತಿ ಒಲೆ ಮೇಲೆ ಏನು ಬೇಯಿಸ್ಬೇಕು ಸಾವ್ಕಾರ್ರೇ, ಆ ಹೂವನ್ನಾ?"

ಅಂದಿನಿಂದ ಅವರಿಬ್ಬರಿಗೂ ಮಾತು ನಿಂತಿತು. ಷಡಕ್ಷರಪ್ಪನವರು ಕೋರ್ಟಿನ ಆಚೆ ಬದಿಗೆ ಹೋಗಿ ನಿಂತು ಆಟ ನೋಡತೊಡಗಿದರು. ನನಗೆ ಬೇಸರವಾದದ್ದು ಅವರು ಹಾಗೆ ಹೇಳಿದರು ಎಂದಲ್ಲ ಆಪಾ. ಅವರು ಹೇಳಿದ್ದು ಸರಿ ಎಂದು ನನಗೇ ಅನ್ನಿಸಿತ್ತು.

ದಸರಾ ಮುಗಿದ ಮೇಲೆ ಶಿವಮೊಗ್ಗದಲ್ಲಿ ಟೂರ್ನಮೆಂಟ್ ಆಯಿತು. ಏಳುಮಲೈಗೆ ಆಸೆ ತೋರಿಸಿದ್ದ ಬೆಂಗಳೂರಿನ ತಂಡವೇ ಫೈನಲ್ಲಿನಲ್ಲಿ ಎದುರಾಯಿತು. ಮೊದಲರ್ಧ ನಾವು ತೀರ ಹಿಂದೆ ಇದ್ದೆವು. ಅವರು ಇಬ್ಬರನ್ನು ಏಳುಮಲೈಗೆ ಅಂಟಿಸಿಬಿಟ್ಟಿದ್ದರು, ಅವನು ಗಾಬರಿಯಾಗಿ ಚೆಂಡು ಸಿಕ್ಕಿದ ಕಡೆಯಿಂದ ಎಸೆಯುತ್ತಿದ್ದ. ಬಿಡುವಿನಲ್ಲಿ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದೆ. ನನ್ನನ್ನು ನೋಡಬೇಡ, ರಿಂಗನ್ನು ನೋಡಿಕೊಂಡು ನಿಲ್ಲು, ಕೈ ಮಾತ್ರ ಮೇಲಿರಲಿ, ಉಳಿದದ್ದು ನನಗೆ ಬಿಡು ಎಂದೆ. "ಸರಿ ಅಣ್ಣೇ" ಎಂದ. ಆಮೇಲೆ ನಡೆದದ್ದನ್ನು ಬರೆದು ತಿಳಿಸುವುದು ಕಷ್ಟ. ನಾನು ನೋಡದೆ ಕೊಡುತ್ತಿದ್ದೆ, ಅವನ ಕೈ ಅಲ್ಲಿಯೇ ಇರುತ್ತಿತ್ತು. ಮೊಣಕಾಲು ಉರಿಯುತ್ತಿತ್ತು, ಆದರೂ ಅಷ್ಟು ಹಗುರಾಗಿ ನಾನು ಎಂದೂ ಆಡಿರಲಿಲ್ಲ. ಕೊನೆಯ ಬ್ಯಾಸ್ಕೆಟ್ಟಿನಲ್ಲಿ ಗೆದ್ದೆವು. ಹುಡುಗ ನನ್ನನ್ನು ಮಗುವನ್ನು ಎತ್ತಿದ ಹಾಗೆ ಎತ್ತಿಬಿಟ್ಟ.

ಗೆದ್ದ ಮೇಲಾದರೂ ಜಗಳ ಮುಗಿಯಬೇಕಲ್ಲವೇ? ಇಲ್ಲ. ಹುಡುಗ ಹಾಕಿದ ಬ್ಯಾಸ್ಕೆಟ್ಟುಗಳನ್ನು ನೋಡಿ, ನಾವು ಹೇಳಿರಲಿಲ್ಲವಾ ಎಂದು ಷಡಕ್ಷರಪ್ಪನವರ ಕಡೆಯವರು. ಚೆಂಡು ಕೊಟ್ಟವರು ಯಾರು ನೋಡಿ, ನಾವು ಹೇಳಿರಲಿಲ್ಲವಾ ಎಂದು ಮೆಹಬೂಬ್ ಸಾಬರ ಕಡೆಯವರು. ಒಂದೇ ಪಂದ್ಯ ಎರಡೂ ಪಕ್ಷವನ್ನು ಗೆಲ್ಲಿಸಿತು.

ಅದಾದ ವಾರದಲ್ಲಿ ಗಣಪಯ್ಯನವರು ನನ್ನನ್ನು ಆಫೀಸಿಗೆ ಕರೆಸಿದರು. ಪಾಪ, ಆ ಮನುಷ್ಯ ನಿದ್ದೆಗೆಟ್ಟು ಸೊರಗಿದ್ದರು. ನನ್ನ ಕೈಯಲ್ಲಿ ಆಗುತ್ತಿಲ್ಲ ಬಾಷಾ, ನೀನು ಕ್ಯಾಪ್ಟನ್, ಯಾರ ಹೆಸರು ಕಳಿಸಲಿ ನೀನೇ ಹೇಳು ಎಂದರು. ಎರಡು ದಿನ ಟೈಮ್ ಕೇಳಿ ಮನೆಗೆ ಬಂದೆ.

ಫಿರೋಜಾಳಿಗೆ ಎಲ್ಲ ಹೇಳಿದೆ. ಅವಳು ಆಗ ತಾನೇ ನೀರು ತಂದು ಕೊಡ ಇಳಿಸಿ, ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಹೇಳಿದಳು. "ಯಾರ ಹೆಸರು ಹೇಳಿದ್ರೂ ನಾನು ನೀರು ಹೊರ್ತೀನಿ. ಆದ್ರೆ ಮುಂದೆ ಯಾವತ್ತೋ ಒಂದಿನ ನನ್ನ ಮುಂದೆ ಕೂತು, ಹಾಗೆ ಹೇಳ್ಬಾರದಿತ್ತು ಅಂತ ಕೊರಗ್ಬೇಡಿ. ಅದನ್ನ ಹೊರೋಕೆ ನನ್ನಿಂದ ಆಗಲ್ಲ."

ನಾನು ಏಳುಮಲೈ ಹೆಸರು ಹೇಳಿದೆ. ದೊಡ್ಡತನ ಎಂದು ತಿಳಿಯಬೇಡಿ ಆಪಾ. ನನ್ನ ಹೆಸರು ಹೇಳಿದ್ದರೆ ಆ ಹುಡುಗ ಮರುದಿನವೇ ಬೆಂಗಳೂರಿನ ರೈಲು ಹತ್ತುತ್ತಿದ್ದ. ಚೆಂಡು ಹಿಡಿದುಕೊಂಡು ನಾನು ಯಾರ ಕೈಗೆ ಕೊಡಲಿ? ತಂಡ ಕಟ್ಟುವವನು ಯಾರೇ ಆದರೂ ಅವನನ್ನೇ ಇಟ್ಟುಕೊಳ್ಳಬೇಕಿತ್ತು. ಯಾರಿಗೂ ಹೇಳಬೇಡಿ ಎಂದು ಗಣಪಯ್ಯನವರಲ್ಲಿ ಕೇಳಿಕೊಂಡಿದ್ದೆ.

ಅವರು ಹೇಳಿಬಿಟ್ಟರು. ಬಾಷಾನ ಹೆಸರು ಹೊಡೆದುಹಾಕಿದ್ದು ಈ ಗಣಪಯ್ಯನೇ ಎಂದು ವರ್ಕ್‌ಷಾಪಿನಲ್ಲಿ ಜನ ಬೈಯುವಾಗ ತಡೆಯಲಾರದೆ, ಹುಡುಗನ ಹೆಸರು ಹೇಳಿದವನು ಬಾಷಾನೇ ಎಂದುಬಿಟ್ಟರಂತೆ. ಮೆಹಬೂಬ್ ಸಾಬರು ಮುಖ ತಿರುಗಿಸಿಕೊಂಡರಂತೆ. ಕೋರ್ಟಿನ ಆಚೆ ಬದಿಯಲ್ಲಿದ್ದ ಷಡಕ್ಷರಪ್ಪನವರಿಗೆ ಯಾರೋ ಹೋಗಿ ಸುದ್ದಿ ಮುಟ್ಟಿಸಿದರು. ಅವರು ನೇರವಾಗಿ ವರ್ಕ್‌ಷಾಪಿಗೆ ಬಂದು ಅದೇ ಹಳೆಯ ಬೆಂಚಿನ ಮೇಲೆ ಕೂತು, ನಾಳೆ ಬೆಳಿಗ್ಗೆ ಒಳ್ಳೆ ಅಂಗಿ ಹಾಕ್ಕೊಂಡು ತಯಾರಾಗಿರು ಮೆಹಬೂಬ, ಮ್ಯಾನೇಜರ್ ಹತ್ರ ಹೋಗೋದಿದೆ ಎಂದರಂತೆ. ಇದೆಲ್ಲ ನನಗೆ ಮೆಹಬೂಬ್ ಸಾಬರೇ ಆಮೇಲೆ ಹೇಳಿದ್ದು.

ಗಣಪಯ್ಯನವರೇ ಇಬ್ಬರನ್ನೂ ಒಳಗೆ ಕರೆದುಕೊಂಡು ಹೋದರು. ಆಟಗಾರರ ಜಾಗ ಒಂದೇ, ಅದು ತುಂಬಿಹೋಯಿತು, ನಾನೇನು ಮಾಡಲಿ ಎಂದು ಮ್ಯಾನೇಜರ್ ಸಾಹೇಬರು ಕೇಳಿದರಂತೆ. ಆಗ ಷಡಕ್ಷರಪ್ಪನವರು ಹೇಳಿದ ಮಾತನ್ನು ನಾನು ಕೇಳದಿದ್ದರೂ ಬಾಯಿಪಾಠವಾಗಿದೆ. "ಆಟದ ಜಾಗ ನಾವು ಕೇಳ್ತಿಲ್ಲ ಸ್ವಾಮಿ. ಅದು ಆ ಹುಡುಗನದ್ದೇ, ಮೊದ್ಲಿಂದ ನಾನೇ ಹೇಳ್ತಿದ್ದೀನಿ. ಆದ್ರೆ ಈ ಬಾಷಾ ಇಷ್ಟು ವರ್ಷ ದಿನಾ ಬೆಳಿಗ್ಗೆ ಲೇತ್ ಮುಂದೆ ನಿಂತು ಕೆಲಸ ಮಾಡಿದ್ನಲ್ಲ, ಅದು ಯಾವ ಆಟ? ಅವನು ಸಂಜೆ ಆಡ್ತಾನೆ ಅಂತ ಬೆಳಗಿನ ಕೆಲಸ ಯಾರ ಕಣ್ಣಿಗೂ ಬೀಳ್ಲಿಲ್ಲ. ಆಟಗಾರ ಅಂತ ಬೇಡ, ಕೆಲಸಗಾರ ಅಂತ ಕೊಡಿ."

ಸಾಹೇಬರು ನಮ್ಮ ಫೋರ್‌ಮನ್ ಮೂರ್ತಪ್ಪನವರನ್ನು ಕರೆಸಿ ವಿಚಾರಿಸಿದರು. ಮೂರ್ತಪ್ಪನವರು ಮೂರು ಮಾತು ಆಡಬೇಕಾದಲ್ಲಿ ಒಂದು ಆಡುವವರು. ಬಾಷಾ ಹೋದರೆ ನನಗೆ ಇಬ್ಬರು ಬೇಕಾಗುತ್ತಾರೆ ಎಂದಷ್ಟೇ ಹೇಳಿ ಕೆಲಸಕ್ಕೆ ವಾಪಸಾದರಂತೆ. ಹದಿನೈದು ದಿನದೊಳಗೆ ಆರ್ಡರ್ ಬಂತು. ಮಷಿನ್ ಶಾಪಿನಲ್ಲಿ ಅದೇ ಲೇತಿನ ಟರ್ನರ್, ಖಾಯಂ. ಸಾಹೇಬರು ಒಂದು ಷರತ್ತು ಹಾಕಿದ್ದಾರೆ. ಕೆಲಸಗಾರ ಎಂದ ಮೇಲೆ ಎಲ್ಲರ ಹಾಗೆ ಮೂರು ಪಾಳಿಯಲ್ಲೂ ದುಡಿಯಬೇಕು, ಪ್ರಾಕ್ಟೀಸಿಗೆ ಬಿಡುವಿಲ್ಲ, ಟೂರ್ನಮೆಂಟಿಗೆ ರಜೆಯಿಲ್ಲ, ತಂಡದಲ್ಲಿ ಹೆಸರಿರುವುದಿಲ್ಲ. ನ್ಯಾಯವಾದ ಮಾತೇ. ಕಾಲೂ ಹೇಗಿದ್ದರೂ ಇನ್ನು ಹೆಚ್ಚು ದಿನ ಬರುತ್ತಿರಲಿಲ್ಲ. ಸಂತೋಷದಿಂದಲೇ ರುಜು ಹಾಕಿದೆ.

ಮನೆ ಹೊಕ್ಕ ದಿನ ಷಡಕ್ಷರಪ್ಪನವರು ಬಸ್ಸಿನ ಮೇಲೆ ಒಂದು ತಾಮ್ರದ ಹಂಡೆ ಹಾಕಿಸಿಕೊಂಡು ಬಂದರು. ಫಿರೋಜಾ ಟೀ ಮಾಡಿದ್ದಳು. ಬೇಡಮ್ಮ, ನಮ್ಮ ಮನೇಲಿ ಒಪ್ಪಲ್ಲ ಎಂದು ಸಂಕೋಚಪಟ್ಟು ಎರಡು ಬಾಳೆಹಣ್ಣು ತಿಂದರು. ಫಿರೋಜಾ ಏನೂ ತಿಳಿದುಕೊಳ್ಳಲಿಲ್ಲ. ಅಷ್ಟು ದೂರದಿಂದ ಹಂಡೆ ಹೊತ್ತು ತಂದವರು ಅಷ್ಟು ಹೇಳಿದರೆ ಹೇಳಲಿ ಎಂದಳು. ಹೋಗುವಾಗ ನನ್ನ ಹೆಗಲ ಮೇಲೆ ಕೈಯಿಟ್ಟರು, ಏನೋ ಹೇಳಲು ಹೋಗಿ, ಹುಡುಗನ ಎಡಗೈ ಇನ್ನೂ ಪಳಗಬೇಕು ಎಂದು ಹೇಳಿ ಹೊರಟುಬಿಟ್ಟರು. ಈಗ ಅವರೂ ಮೆಹಬೂಬ್ ಸಾಬರೂ ಮತ್ತೆ ಒಂದೇ ಬೆಂಚು. ನನ್ನ ಜಾಗಕ್ಕೆ ಯಾರನ್ನು ತರಬೇಕು, ಎಷ್ಟು ಕೊಡಬೇಕು ಎಂದು ಹೊಸ ಜಗಳ ಶುರುವಾಗಿದೆ.

ಏಳುಮಲೈ ಮೆಸ್ಸಿನ ಊಟ ಒಗ್ಗದೆ ಭಾನುವಾರ ಇಲ್ಲಿಗೆ ಬರುತ್ತಾನೆ. ಮೊದಲ ಸಂಬಳದಲ್ಲಿ ಫಿರೋಜಾಳಿಗೆ ಒಂದು ಸೀರೆ ತಂದ. ಅವನ ತಮಿಳಿನಲ್ಲಿ ಅಣ್ಣಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಾನೆ. ಇವತ್ತು ಮಧ್ಯಾಹ್ನವೂ ಬಂದು ಉಂಡು, ಚಾಪೆಯ ಮೇಲೆ ಕಾಲು ಬಾಗಿಲಾಚೆ ಚಾಚಿ ಮಲಗಿ ಎದ್ದುಹೋದ.

ಇಷ್ಟು ಜನ ನಮಗಾಗಿ ನಿಂತರಲ್ಲ ಆಪಾ, ನನ್ನ ಮುಂದಿನ ಆಟಕ್ಕೆ ಬೆಲೆಯಿಲ್ಲ ಎಂದವರೂ ನಿಂತರಲ್ಲ, ಅದನ್ನು ನೆನೆದಾಗಲೆಲ್ಲ ಮನಸ್ಸು ತುಂಬುತ್ತದೆ. ಅವರ ಮನೆಮಂದಿಯನ್ನೆಲ್ಲ ದೇವರು ತಣ್ಣಗಿಡಲಿ. ನಿಮ್ಮ ದುವಾದಲ್ಲಿ ಅವರ ಹೆಸರೂ ಇರಲಿ, ಫಿರೋಜಾಳ ಹೆಸರೂ ಇರಲಿ. ಹೆರಿಗೆಗೆ ನೀವು ಬರಲೇಬೇಕು. ಭಾವನಿಗೆ ನಾನೇ ಬೇರೆ ಬರೆದು ಕೇಳಿಕೊಳ್ಳುತ್ತೇನೆ. ಮಕ್ಕಳ ಕೆನ್ನೆಗೆ ನನ್ನ ಮುತ್ತು.

ನಿಮ್ಮ ತಮ್ಮ,
ಪೀರ್ ಬಾಷಾ

ತಾ.ಕ. ಮೇಲಿನದನ್ನು ಭಾವನಿಗೂ ಓದಿ ಹೇಳಿ. ಇದನ್ನು ನೀವೊಬ್ಬರೇ ಓದಿಕೊಳ್ಳಿ. ಈ ಮನೆಯ ಹಿಂದೆ ಎರಡು ಸಾಲು ದಾಟಿದರೆ ಕೋರ್ಟ್. ಬೆಳಗಿನ ಪಾಳಿ ಇರುವ ವಾರ ಸಂಜೆ ನಾನು ಮನೆಯಲ್ಲೇ ಇರುತ್ತೇನೆ. ಆಟ ಶುರುವಾಗುವ ಹೊತ್ತಿಗೆ ಎದ್ದು ಹೋಗಿ ಹಿತ್ತಿಲ ಬಾಗಿಲು ಮುಚ್ಚುತ್ತೇನೆ. ಸೊಳ್ಳೆ ಬರುತ್ತವೆ ಎಂದು ಫಿರೋಜಾಳಿಗೆ ಹೇಳಿದ್ದೇನೆ. ಮುಚ್ಚಿದರೂ ಚೆಂಡು ನೆಲಕ್ಕೆ ಬಡಿಯುವ ಸದ್ದು ಕೇಳುತ್ತದೆ. ಯಾರ ಕೈಯಲ್ಲಿ ಚೆಂಡಿದೆ ಎಂದು ಸದ್ದಿನಲ್ಲೇ ತಿಳಿಯುತ್ತದೆ, ಹುಡುಗನಿಗೆ ಕೊಡಬೇಕಾದ ಹೊತ್ತಿನಲ್ಲಿ ಕೊಡುತ್ತಿಲ್ಲ ಎಂದೂ ತಿಳಿಯುತ್ತದೆ. ಆಗ ನನ್ನ ಕೈ ಸುಮ್ಮನೆ ಕೂರುವುದಿಲ್ಲ. ಕೊರಗುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟಿದ್ದೇನೆ, ಕೊರಗುತ್ತಲೂ ಇಲ್ಲ. ಅವಳು ಈವರೆಗೆ ಏನೂ ಕೇಳಿಲ್ಲ. ಆದರೆ ಮೊನ್ನೆ ಸಂಜೆ ನಾನು ಏಳುವ ಮೊದಲೇ ಅವಳೇ ಹೋಗಿ ಬಾಗಿಲು ಹಾಕಿಕೊಂಡು ಬಂದಳು.