ಬಿಸಿಲು ತಾಗದ ತಿಂಗಳು

ಮಾರ್ಚ್ 4
ಹಾಲು ಕೂಡ ಎದೆಯ ನಡುವೆ ನಿಲ್ಲುತ್ತದೆ. ಅನ್ನನಾಳದಲ್ಲಿ ಗಡ್ಡೆ. ನಿನ್ನೆಯ ಇಂಜೆಕ್ಷನ್ ತಾನಾಗಿ ಏನೂ ಮಾಡುವುದಿಲ್ಲವಂತೆ. ನಾಳೆ ನಳಿಕೆ ಇಳಿಸಿ ಒಳಗೆ ಕೆಂಪು ಬೆಳಕು ಬಿಡುತ್ತಾರೆ. ಬೆಳಕು ತಾಗಿದ ಮೇಲೇ ಔಷಧಿಗೆ ಜೀವ. ಅಕ್ಕ ವಿವರಿಸಿದಳು. ನರ್ಸ್ ಆಗಿದ್ದವಳು.

"ಆಮೇಲೆ ಒಂದೂವರೆ ತಿಂಗಳು ಮೈಗೆ ಬಿಸಿಲು ಬೀಳಬಾರದು, ಬೊಬ್ಬೆ ಏಳುತ್ತೆ. ತಡ್ಕೋ. ಪೂರ್ತಿ ಗುಣ ಆಗ್ತೀಯ."

ನನ್ನವರು ತಲೆಯಾಡಿಸಿದರು. ಈಜು ಕಲಿಸುವವಳು ನಾನು, ಬಿಸಿಲಲ್ಲೇ ಬೆಂದ ಮೈ. ಒಂದೂವರೆ ತಿಂಗಳೇನು ಮಹಾ.

ಮಾರ್ಚ್ 9
ಕರ್ಟನ್ ಮೇಲೆ ಕಂಬಳಿ. ಎದೆ ಉರಿ. ಹುಡುಗಿಯರ ಫೋನ್—ಕಾಂಪಿಟಿಷನ್‌ಗೆ ಬನ್ನಿ ಮೇಡಂ. ಮುಂದಿನ ವರ್ಷ ಬರ್ತೀನಿ ಎಂದೆ. ಇವರು ಎದ್ದು ಬಚ್ಚಲಿಗೆ ಹೋದರು. ಬಹಳ ಹೊತ್ತು ನಲ್ಲಿಯ ಸದ್ದು.

ಮಾರ್ಚ್ 21
ತುತ್ತು ಇಳಿಯಿತು. ಮೆತ್ತಗಿನ ಅನ್ನ, ಎಲ್ಲೂ ಸಿಕ್ಕಲಿಲ್ಲ. ಅತ್ತುಬಿಟ್ಟೆ. ಅಕ್ಕ ನನಗಿಂತ ಜಾಸ್ತಿ ಅತ್ತಳು...

ಏಪ್ರಿಲ್ 6, ಸಂಜೆ
ಆಸ್ಪತ್ರೆ. ಟೋಪಿ, ಕೈಗವಸು, ಕಪ್ಪು ಕನ್ನಡಕ—ಬ್ಯಾಂಕ್ ದೋಚಲು ಹೊರಟವಳ ಹಾಗೆ. ಇವರು ಕಾರು ನಿಲ್ಲಿಸಲು ಹೋಗಿದ್ದರು. ಒಳಗೆ ನಾನೊಬ್ಬಳೇ.

"ನುಂಗೋಕಾಗ್ತಿದೆಯಲ್ಲ, ಅದೇ ಬೇಕಿತ್ತು" ಎಂದರು ಡಾಕ್ಟರ್.

"ಗಡ್ಡೆ ಪೂರ್ತಿ ಹೋಯ್ತಾ?"

ಪೆನ್ನು ಕೆಳಗಿಟ್ಟರು. "ಬೆಳಕು ಮೇಲ್ಪದರಕ್ಕಷ್ಟೇ ಮುಟ್ಟುತ್ತಮ್ಮ. ಲಿವರ್‌ಗೆ ಹರಡಿರೋದಕ್ಕೆ ಇದರಿಂದ ಏನೂ ಆಗಲ್ಲ. ನಿಮಗೆ ಎಲ್ಲಾ ವಿಷಯ ಹೇಳಿದೀವಿ ಅಂದ್ರಲ್ಲ ನಿಮ್ಮ ಮನೆಯವರು, ನಿಮ್ಮಕ್ಕ?"

ಲಿವರ್. ಮೊದಲ ಸಲ ಕೇಳಿದ್ದು.

"ಇನ್ನೆಷ್ಟು ದಿನ?"

"ಕೆಲವು ತಿಂಗಳು. ವರ್ಷ ಅಂತ ಹೇಳಲಾರೆ."

ನಾಳೆ ಇಬ್ಬರನ್ನೂ ಕೂರಿಸಿ ಕೇಳುತ್ತೇನೆ.

ಏಪ್ರಿಲ್ 7
ಇವರು: "ಹೇಳಿದ್ರೆ ಟ್ರೀಟ್‌ಮೆಂಟೇ ಬೇಡ ಅಂತಿದ್ದೆ."

ಅಕ್ಕ: "ನಿನ್ನ ಒಳ್ಳೇದಕ್ಕೇ ಕಣೇ."

"ಉಳಿದಿದ್ದೇ ನಾಲ್ಕು ದಿನ. ಅದರಲ್ಲಿ ಒಂದು ತಿಂಗಳು ನನ್ನನ್ನ ಈ ಕೋಣೇಲಿ ಮುಚ್ಚಿಟ್ರಿ. ನನ್ನ ಒಂದು ಮಾತು ಕೇಳಬಾರದಿತ್ತಾ?"

ಕೇಳಿದ್ದರೆ ಒಪ್ಪುತ್ತಿದ್ದೆನೇನೋ. ಒಂದು ತುತ್ತು ಅನ್ನ ಸಣ್ಣದಲ್ಲ. ಆದರೆ ಕೇಳಲಿಲ್ಲ.

ಏಪ್ರಿಲ್ 20
ಹೊರಗೆ ಹೋಗಬಹುದು ಎಂದರು ಡಾಕ್ಟರ್, ಅಕ್ಕನ ಫೋನಿನಲ್ಲಿ. ಮತ್ತೆ ತುತ್ತು ಇಳಿಯದಿದ್ದರೆ ಇನ್ನೊಂದು ಇಂಜೆಕ್ಷನ್. ಅಕ್ಕ ಆಗಲೇ ಹೂಂ ಎನ್ನುತ್ತಿದ್ದಳು. ಫೋನ್ ಕಿತ್ತುಕೊಂಡೆ. ಬೇಕೋ ಬೇಡವೋ ನಾನೇ ಹೇಳ್ತೀನಿ ಎಂದೆ.

ಮೆಟ್ಟಿಲ ಮೇಲೆ ಬಿಸಿಲಲ್ಲಿ ಕೂತು ಬರೆಯುತ್ತಿದ್ದೇನೆ. ಇವರು ಬಂದು ಕೆಳಗಿನ ಮೆಟ್ಟಿಲಲ್ಲಿ ಕೂತರು. ಅಕ್ಕ ಬಾಗಿಲಲ್ಲಿ.

"ಇನ್ನೇನಾದ್ರೂ ಮುಚ್ಚಿಟ್ಟಿದ್ದೀರಾ?" ಎಂದು ಕೇಳಿದೆ.

ಇವರು ಉತ್ತರ ಕೊಡುವ ಮುಂಚೆ ಅಕ್ಕನ ಮುಖ ನೋಡಿದರು. ನನ್ನ ಮುಖ ನೋಡಿ ಹೇಳಿ ಎಂದೆ.